ಅರ್ಧ ಹೇಳಿದ ಗೇಟಿನವಳ ಕತೆ

ನನಗೆ ಸೇಡಿನ ಬುದ್ಧಿ ಇದೆ ಎಂದು ಚಿಕ್ಕಂದಿನಿಂದಲೂ ನಮ್ಮಮ್ಮ ಹೇಳುತ್ತಿದ್ದಳು. ಇದೆ. ಇಲ್ಲವೆಂದು ನಾನು ಯಾರ ಹತ್ತಿರವೂ ವಾದಕ್ಕೆ ನಿಂತಿಲ್ಲ. ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದು ಸಾರಿ ಅಂದರೆ ಪರವಾಗಿಲ್ಲ ಅನ್ನುತ್ತೇನೆ, ಆದರೆ ಅವರು ಹಾಕಿದ್ದ ಚಪ್ಪಲಿ ಯಾವುದೆಂದು ನನಗೆ ನೆನಪಿರುತ್ತದೆ. ಅಂಥವಳ ಬಾಯಿಂದ ಮಾತನ್ನೇ ಕದ್ದರೆ ಸುಮ್ಮನಿರುತ್ತಾಳೆ ಎಂದು ಅಂದುಕೊಂಡವರದ್ದು ತಪ್ಪು.

ಮೊದಲು ನನ್ನ ಚಟದ ವಿಷಯ ಹೇಳಿಬಿಡುತ್ತೇನೆ. ನಾನು ವಿಡಿಯೋ ಗೇಮ್ ಆಡುತ್ತೇನೆ. ಮನೆ ಗುಬ್ಬಿಯಲ್ಲಿ, ಕೆಲಸ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ. ದಿನವಿಡೀ ಬಾಟಲಿಗಳ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವುದು. ಮುಚ್ಚಳ ನೋಡಿ ನೋಡಿ ಬಂದವಳಿಗೆ ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಬೇರೆ ಏನನ್ನಾದರೂ ನೋಡಬೇಕು ಅನ್ನಿಸುತ್ತದೆ. ಬೇರೆಯವರು ಸೀರಿಯಲ್ ನೋಡುತ್ತಾರೆ, ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಗುಂಡು ಹಾರಿಸುವ ಆಟಗಳು ನನಗೆ ಆಗುವುದಿಲ್ಲ. ಕತೆ ಇರಬೇಕು, ಕೈಗೆ ಕೆಲಸ ಇರಬೇಕು, ಯಾರಾದರೂ ಯಾರಿಗಾದರೂ ಕಾಯುತ್ತಿರಬೇಕು. ಅಂಥ ಆಟಗಳನ್ನು ಹುಡುಕಿ ಹುಡುಕಿ ಆಡುತ್ತೇನೆ.

ಪೂರ್ತಿ ಬೆಲೆ ಕೊಟ್ಟು ಒಂದು ಗೇಮನ್ನೂ ಕೊಂಡವಳಲ್ಲ ನಾನು. ಆಷಾಢದ ಸೀರೆ ಸೇಲ್‌ಗೆ ನಮ್ಮತ್ತೆ ಹೇಗೆ ಕಾಯುತ್ತಾರೋ ಹಾಗೆ ಗೇಮ್‌ಗಳ ಸೇಲ್‌ಗೆ ಕಾಯುತ್ತೇನೆ. ಬೇಕಾದ್ದನ್ನೆಲ್ಲ ಮೊದಲೇ ಗುರುತು ಹಾಕಿ ಇಟ್ಟಿರುತ್ತೇನೆ. ಬೆಲೆ ಇಳಿದ ದಿನ ಬಸ್ಸಿನಲ್ಲಿ ನಿಂತುಕೊಂಡೇ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಂಡುಬಿಡುತ್ತೇನೆ. ಅತ್ತೆ ಸೇಲ್‌ನಲ್ಲಿ ತಂದ ಸೀರೆಗಳಲ್ಲಿ ಅರ್ಧ ಇನ್ನೂ ಮಡಿಕೆ ಬಿಚ್ಚಿಲ್ಲ. ನಾನು ತಂದ ಆಟಗಳನ್ನು ಒಂದೂ ಬಿಡದೆ ಆಡಿದ್ದೇನೆ. ಆದರೂ ಮನೆಯಲ್ಲಿ ದಂಡದ ಖರ್ಚು ಅನ್ನಿಸಿಕೊಂಡದ್ದು ನನ್ನದು.

ಆಡಿದ ಮೇಲೆ ಅದರ ಬಗ್ಗೆ ಮಾತಾಡದಿದ್ದರೆ ನನಗೆ ತಿಂದ ಅನ್ನ ಜೀರ್ಣವಾಗುವುದಿಲ್ಲ. ಅದಕ್ಕೇ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದೆ. ಫ್ಯಾಕ್ಟರಿಯ ಇಬ್ಬರು ಗೆಳತಿಯರು, ಹಳೆಯ ಕಾಲೇಜಿನವರು ಕೆಲವರು, ನೆಂಟರಲ್ಲಿ ಆಟದ ಹುಚ್ಚಿರುವ ಒಂದಿಬ್ಬರು. ಯಾವುದು ಕಡಿಮೆಗೆ ಸಿಗುತ್ತಿದೆ, ಯಾವುದು ಕಡಿಮೆಗೆ ಸಿಕ್ಕರೂ ಬೇಡ ಎಂದು ಅದರಲ್ಲಿ ಹೇಳಿಕೊಳ್ಳುತ್ತಿದ್ದೆವು. ನಾನು ಬರೆಯುತ್ತಿರಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸುತ್ತಿದ್ದೆ. ಅದರಲ್ಲಿ ನನ್ನ ಕೈ ಕಲಿತದ್ದು, ನನಗೆ ಅಳು ಬಂದ ಜಾಗ, ಸಿಟ್ಟು ಬಂದ ಜಾಗ ಎಲ್ಲ ಇರುತ್ತಿತ್ತು. ಜೀವನದಲ್ಲಿ ನಾನು ಮನಸ್ಸು ಬಿಚ್ಚಿ ಆಡಿದ ಮಾತು ಅಂತ ಏನಾದರೂ ಇದ್ದರೆ ಅವೇ.

ಆ ಗ್ರೂಪ್‌ನಲ್ಲಿ ಅಣ್ಣ ಇದ್ದರು. ಸ್ವಂತ ಅಣ್ಣನಲ್ಲ. ನನ್ನ ಗಂಡನ ಅಕ್ಕನನ್ನು ಕುಣಿಗಲ್‌ಗೆ ಕೊಟ್ಟಿದೆ, ನಾನು ಅವರನ್ನು ಅತ್ತಿಗೆ ಅನ್ನುತ್ತೇನೆ. ಅವರ ಯಜಮಾನರು ನನಗೆ ಅಣ್ಣನ ಲೆಕ್ಕ, ಹಾಗೆಯೇ ಕರೆಯಬೇಕು. ಕರೆಯುತ್ತೇನೆ. ಒಳಗೊಳಗೆ ಏನೆಂದು ಕರೆಯುತ್ತೇನೆ ಅನ್ನುವುದು ಬೇರೆ. ಕುಣಿಗಲ್‌ನಲ್ಲಿ ಅವರದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ನಮ್ಮ ಮನೆಯ ಕಂಪ್ಯೂಟರ್ ಜೋಡಿಸಿ ಕೊಟ್ಟವರೂ ಅವರೇ. ಒಂದೇ ಫ್ಯಾಮಿಲಿ ಎಂದು ಸೆಟ್ಟಿಂಗ್ ಮಾಡಿದ್ದರಿಂದ ನಾನು ಕೊಂಡ ಗೇಮ್‌ಗಳು ಅವರ ಕಂಪ್ಯೂಟರ್‌ನಲ್ಲೂ ಕಾಣಿಸುತ್ತಿದ್ದವು. ಆಡಿಕೊಳ್ಳಲಿ ಬಿಡು ಅಂದುಕೊಂಡಿದ್ದೆ. ಗ್ರೂಪ್‌ನಲ್ಲಿ ಅವರು ಒಂದು ದಿನವೂ ಬಾಯಿ ಬಿಟ್ಟವರಲ್ಲ. ನನ್ನ ಪ್ರತಿ ವಾಯ್ಸ್ ಮೆಸೇಜಿಗೂ ಒಂದು ಹೆಬ್ಬೆಟ್ಟು ಒತ್ತುತ್ತಿದ್ದರು, ಅಷ್ಟೆ.

ಒಂದು ಸಂಜೆ ಕೆಲಸದಿಂದ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದೆ. ಹಾಲ್‌ನಲ್ಲಿ ಅತ್ತೆ ಫೋನ್ ನೋಡುತ್ತ ಕೂತಿದ್ದರು. ಫೋನ್‌ನಿಂದ ಅಣ್ಣನ ದನಿ ಕೇಳಿಸಿತು.

"ನಮಸ್ಕಾರ ಸ್ನೇಹಿತ್ರೆ. ಈ ಗೇಮ್‌ನಲ್ಲಿ ಆತುರ ಪಟ್ರೆ ಕೆಟ್ರಿ. ಗೇಟಿನ ಚಕ್ರ ಹೆಂಗ್ ತಿರುಗಿಸ್ಬೇಕು ಗೊತ್ತಾ? ಮುದ್ದೆ ತಿರುವ್ದಂಗೆ. ಮೊದ್ಲು ನಿಧಾನ, ಗಟ್ಟಿ ಆಗ್ತಾ ಆಗ್ತಾ ಬಲ ಹಾಕ್ಬೇಕು, ಗಂಟಾಗಕ್ ಬಿಡ್ಬಾರ್ದು."

ನಾನು ಒದ್ದೆ ಕಾಲಲ್ಲೇ ಹಾಲ್‌ಗೆ ಬಂದೆ. ಹಿಂದಿನ ಭಾನುವಾರ ರೈಲ್ವೆ ಗೇಟಿನ ಆಟದ ಬಗ್ಗೆ ನಾನು ಕಳಿಸಿದ ವಾಯ್ಸ್ ಮೆಸೇಜು ಅದು. ಒಂದಕ್ಷರ ಬದಲಾಗಿರಲಿಲ್ಲ. ಅವರು ಹುಟ್ಟಿದಾಗಿನಿಂದ ಮುದ್ದೆ ಕೋಲು ಮುಟ್ಟಿದವರಲ್ಲ, ತಟ್ಟೆಗೆ ಬಿದ್ದ ಮುದ್ದೆಯನ್ನು ಮುರಿದು ಗೊತ್ತು ಅಷ್ಟೆ.

"ಅಳಿಯಂದ್ರು ಎಷ್ಟ್ ಚೆನ್ನಾಗ್ ಮಾತಾಡ್ತಾರೆ ನೋಡಮ್ಮ" ಅಂದರು ಅತ್ತೆ. "ಅಂಗಡಿ ಕೆಲಸದ್ ಮಧ್ಯ ಇದ್ನೂ ಮಾಡ್ತಾರೆ. ನೀನೂ ಆಡ್ತೀಯ, ಏನ್ ಉಪಯೋಗ?"

ಮೈಯೆಲ್ಲ ಉರಿದುಹೋಯಿತು. ಅತ್ತೆಯ ಫೋನ್ ಇಸಿದುಕೊಂಡು ಅಣ್ಣನ ಯೂಟ್ಯೂಬ್ ಚಾನೆಲ್ ತೆರೆದು ಕೆಳಗೆ ಕೆಳಗೆ ನೋಡುತ್ತ ಹೋದೆ. ಎಲ್ಲ ನನ್ನವೇ. ಹಡಗಿನ ಅಡುಗೆಮನೆಯ ಆಟ, ಕುರುಡ ಗಡಿಯಾರದವನ ಆಟ, ಹಸು ಕಾಣೆಯಾದ ಹಳ್ಳಿಯ ಆಟ. ಅಳು ಬಂತು ಎಂದು ನಾನು ಹೇಳಿದ ಜಾಗದಲ್ಲಿ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಿದ್ದರು. ಹಿಂದೆ ಕಂಪನಿಯವರ ಟ್ರೈಲರ್ ಓಡುತ್ತಿತ್ತು, ಮುಂದೆ ಇವರ ಅಂಗಡಿಯ ಬೋರ್ಡು. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ಅವರದು. ಕೆಳಗೆ ಜನ ಬರೆದಿದ್ದರು: ಸಾರ್, ನಿಮ್ಮ ಮಾತು ಕೇಳೋಕೇ ಬರ್ತೀವಿ.

ಗಂಡ ಬಿದರೆಹಳ್ಳ ಕಾವಲ್‌ನ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ನಾನು ಕುದಿಯುತ್ತಿದ್ದೆ.

"ರೀ, ನಿಮ್ ಭಾವ ನನ್ ಮಾತ್ನೆಲ್ಲ ಕದ್ದು ತಮ್ದು ಅಂತ ಹಾಕ್ಕೊಂಡವ್ರೆ."

ಅವರು ವಿಡಿಯೋ ನೋಡಿದರು, ನಕ್ಕರು. "ಬುಡೇ, ಮಾತಲ್ವಾ? ಮಾತಿಗೇನ್ ಬೀಗ ಹಾಕಕ್ಕಾಗುತ್ತಾ? ಮನೆಯೋರ್ ಬೇರೆ."

"ನಿಮ್ ಬೈಕ್ ಎತ್ಕೊಂಡ್ ಹೋಗಿ ನಂದು ಅಂದಿದ್ರೆ ಹಿಂಗೇ ನಗ್ತಿದ್ರಾ?"

"ಬೈಕೇ ಬೇರೆ, ಇದೇ ಬೇರೆ. ಅಕ್ಕನ್ ಮನೆ ವಿಷಯ ಕಣೇ. ಹಬ್ಬ ಹುಣ್ಣಿಮೆಗೆ ಮುಖ ನೋಡ್ಬೇಕು."

ಸರಿ, ಹಬ್ಬಕ್ಕೇ ಮುಖ ನೋಡೋಣ ಅಂದುಕೊಂಡೆ. ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಅಳಿಯನ ಮೇಲೆ ಹೊಟ್ಟೆಕಿಚ್ಚು ಅನ್ನುತ್ತಿದ್ದರು. ನನಗೆ ಬೇಕಾಗಿದ್ದದ್ದು ಅಣ್ಣನ ಕ್ಷಮೆಯಲ್ಲ, ಅವರ ಅಂಗಡಿಯೂ ಅಲ್ಲ. ಇಷ್ಟು ದಿನ ತಲೆದೂಗುತ್ತ ಕೇಳಿದ ಮಾತು ತನ್ನ ಸೊಸೆಯದು ಎಂದು ಅತ್ತೆ ಕಣ್ಣಾರೆ ನೋಡಬೇಕು. ಅದೊಂದೇ ಬೇಕಿತ್ತು.

ಆಗ ನಾನು ಆಡುತ್ತಿದ್ದದ್ದು ಒಂದು ರೈಲ್ವೆ ಗೇಟಿನವಳ ಆಟ. ಎಲ್ಲಿಯದೋ ಚಳಿಯ ದೇಶ. ಒಬ್ಬ ವಯಸ್ಸಾದ ಹೆಂಗಸು ಗೇಟು ಕಾಯುತ್ತಾಳೆ. ರೈಲು ಬರುವ ಮುಂಚೆ ಚಕ್ರ ತಿರುಗಿಸಿ ಗೇಟು ಹಾಕಬೇಕು, ದೀಪ ತೋರಿಸಬೇಕು, ರೈಲು ಹೋದ ಮೇಲೆ ತೆಗೆಯಬೇಕು. ಪ್ರತಿ ರೈಲಿನ ಕಿಟಕಿಗಳನ್ನೂ ಅವಳು ನೋಡುತ್ತಾಳೆ, ಜಗಳ ಮಾಡಿಕೊಂಡು ಹೋದ ತಂಗಿ ಯಾವುದಾದರೂ ಒಂದರಲ್ಲಿ ಬರುತ್ತಾಳೆ ಎಂದು. ನಮ್ಮ ಗುಬ್ಬಿಯ ಗೇಟಿನಲ್ಲಿ ಸ್ಕೂಟರ್ ಮೇಲೆ ಕೂತು ರೈಲಿಗೆ ಶಾಪ ಹಾಕುತ್ತ ಕಾದವಳು ನಾನು. ಗೇಟಿನ ಆಚೆ ಇರುವವರ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಒಂದು ಕೆಜಿ ಬೇಳೆಯ ಬೆಲೆಗೆ ಸಿಕ್ಕಿದ ಆಟ ಅದು. ನಾನು ಆಡಿದ ಎಲ್ಲದರಲ್ಲೂ ಅದೇ ಮೇಲು.

ಅಣ್ಣನ ವಿಡಿಯೋ ಅದರ ಅರ್ಧಕ್ಕೆ ನಿಂತಿತ್ತು, ಯಾಕೆಂದರೆ ನನ್ನ ವಾಯ್ಸ್ ಮೆಸೇಜು ಅಲ್ಲಿಗೆ ನಿಂತಿತ್ತು. ಉಳಿದದ್ದು ಬೇಗ ಹೇಳುತ್ತೇನೆ ಎಂದು ಅವರು ಜನಕ್ಕೆ ಮಾತು ಕೊಟ್ಟುಬಿಟ್ಟಿದ್ದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ನಾನು ಅಲ್ಲಿಂದ ಮುಂದಕ್ಕೆ ಒಂದಕ್ಷರ ಕಳಿಸಲಿಲ್ಲ. ಆಟವನ್ನು ಮಾತ್ರ ಸದ್ದಿಲ್ಲದೆ ಕೊನೆತನಕ ಆಡಿ ಮುಗಿಸಿದೆ.

ಒಂದು ವಾರ ಕಳೆಯಿತು. ಅತ್ತೆ ದಿನಾ ಫೋನ್ ತೆಗೆದು ನೋಡುವರು, "ಅಳಿಯಂದ್ರು ಇನ್ನೂ ಹಾಕಿಲ್ಲ" ಎಂದು ಇಡುವರು. ಕಡೆಗೆ ಅಣ್ಣನೇ ನನಗೆ ಫೋನ್ ಮಾಡಿದರು.

"ಏನಮ್ಮ, ಏನೂ ಸಮಾಚಾರನೇ ಇಲ್ಲ? ಆ ಗೇಟಿಂದು ಮುಗೀತಾ?"

"ಇಲ್ಲ ಅಣ್ಣ, ಫ್ಯಾಕ್ಟರೀಲಿ ಕೆಲಸ ಜಾಸ್ತಿ. ನೀವು ಆಡ್ತಿದೀರಲ್ಲ, ನೀವೇ ಹೇಳಿ. ತಂಗಿ ಬಂದ್ಲಾ?"

"ನಾನು ನಿಧಾನಕ್ಕೆ ಆಡ್ತಿದೀನಮ್ಮ" ಅಂದರು.

ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಎಷ್ಟೋ ದಿನದ ಮೇಲೆ ಅವತ್ತು ಊಟ ರುಚಿಸಿತು.

ದಸರೆಗೆ ಅತ್ತಿಗೆಯ ಮನೆಯಿಂದ ಕರೆ ಬಂತು. ಆಯುಧಪೂಜೆಯ ದಿನ ಮಧ್ಯಾಹ್ನವೇ ನಾನು, ಗಂಡ, ಅತ್ತೆ ಮೂವರೂ ಕುಣಿಗಲ್‌ಗೆ ಹೋದೆವು. ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಪೂಜೆಗೆ ಇಟ್ಟ ಆಯುಧವನ್ನು ಅವತ್ತು ಯಾರೂ ಮುಟ್ಟುವ ಹಾಗಿಲ್ಲ. ಮಾರನೆಯ ದಿನ ವಿಜಯದಶಮಿ ಬೆಳಗ್ಗೆ, ಆಯುಧ ಯಾರದೋ ಅವರೇ ಎಲ್ಲರ ಎದುರಿಗೆ ಅದನ್ನು ಎತ್ತಿಕೊಂಡು ಒಂದಿಷ್ಟು ಕೆಲಸ ಮಾಡಿ ತೋರಿಸಬೇಕು. ಆಮೇಲೆಯೇ ತಿಂಡಿ. ಮಾಡದಿದ್ದರೆ ಆಯುಧ ವರ್ಷವಿಡೀ ಮುನಿಸಿಕೊಳ್ಳುತ್ತದೆ ಎಂದು ಅವರ ಹಿರಿಯರ ಮಾತು. ಅತ್ತಿಗೆ ಹೊಲಿಗೆ ಮಿಷನ್‌ನಲ್ಲಿ ಒಂದು ಹೊಲಿಗೆ ಹಾಕುತ್ತಾರೆ, ಅಣ್ಣನ ತಮ್ಮ ಟಿಲ್ಲರ್ ಸ್ಟಾರ್ಟ್ ಮಾಡಿ ಅಂಗಳದಲ್ಲಿ ಒಂದು ಸುತ್ತು ಹಾಕುತ್ತಾನೆ.

ಅವತ್ತು ಪೂಜೆಗೆ ಜೋಡಿಸಿದ್ದನ್ನು ನೋಡಿ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅಣ್ಣ ಪ್ರತಿ ವರ್ಷ ಸ್ಕ್ರೂಡ್ರೈವರ್ ಡಬ್ಬಿ ಇಡುವವರು. ಈ ಸಲ ಹೊಸ ಗೇಮ್ ಕಂಟ್ರೋಲರ್ ಇಟ್ಟಿದ್ದರು. ಅರಿಶಿನ, ಕುಂಕುಮ, ಮೇಲೊಂದು ಸೇವಂತಿಗೆ. ಅದರ ಫೋಟೋ ತೆಗೆದು 'ನನ್ನ ಆಯುಧ' ಎಂದು ಬರೆದು ಚಾನೆಲ್‌ಗೂ ಹಾಕಿದ್ದರು. ನಾನು ದೇವರಿಗೆ ಕೈ ಮುಗಿದೆ. ಇಷ್ಟು ಶ್ರದ್ಧೆಯಿಂದ ನಾನು ಯಾವ ಹಬ್ಬದಲ್ಲೂ ಕೈ ಮುಗಿದದ್ದಿಲ್ಲ.

ಮಾರನೆಯ ದಿನ ಬೆಳಗ್ಗೆ ನೆಂಟರೆಲ್ಲ ಹಾಲ್‌ನಲ್ಲಿ ಸೇರಿದ್ದರು. ಮಿಷನ್ ಆಯಿತು, ಟಿಲ್ಲರ್ ಆಯಿತು. ಅಣ್ಣ ಕಂಟ್ರೋಲರ್ ಎತ್ತಿ ಕಣ್ಣಿಗೊತ್ತಿಕೊಂಡು ವಾಪಸ್ ಇಡಲು ಹೋದರು.

"ಅಣ್ಣ, ಕೆಲಸ ಮಾಡ್ಸಲ್ವಾ?" ಅಂದೆ. "ವರ್ಷವೆಲ್ಲ ಮುನಿಸ್ಕೊಳುತ್ತೆ."

"ಅದ್ಕೆ ಟಿವಿ, ಕಂಪ್ಯೂಟ್ರು ಎಲ್ಲ ಜೋಡಿಸ್ಬೇಕಮ್ಮ. ತಿಂಡಿಗ್ ಲೇಟಾಗುತ್ತೆ."

"ನೀವ್ ಕೂತ್ಕೊಳಿ, ನಾನ್ ಜೋಡಿಸ್ತೀನಿ." ಅತ್ತೆಯ ಕಡೆ ತಿರುಗಿ, "ಅತ್ತೆ, ಆ ಗೇಟಿನವ್ಳ ಕತೆ ಕೇಳ್ತಿದ್ರಲ್ಲ. ಅಣ್ಣ ಈಗ ಆಡಿ ತೋರಿಸ್ತಾರೆ" ಅಂದೆ.

ಅತ್ತೆ ಕುರ್ಚಿಯನ್ನು ಟಿವಿಯ ಹತ್ತಿರಕ್ಕೇ ಎಳೆದುಕೊಂಡರು. "ಆಡಿ ಅಳಿಯಂದ್ರೆ, ನೋಡ್ತೀನಿ" ಅಂದರು. ಅತ್ತಿಗೆಯೂ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಗಂಡ ನನ್ನ ಕಡೆ ಕಣ್ಣು ಬಿಟ್ಟರು, ನಾನು ವೈರು ಸಿಕ್ಕಿಸುತ್ತಿದ್ದೆ. ಆಟ ಅವರ ಕಂಪ್ಯೂಟರ್‌ನಲ್ಲಿ ಇತ್ತು, ಆದರೆ ಒಂದು ಸಲವೂ ಆಡಿರಲಿಲ್ಲ. ಮೊದಲ ಗೇಟಿನಿಂದಲೇ ಶುರುವಾಯಿತು.

ಪರದೆಯ ಮೇಲೆ ಮುದುಕಿ ಚಕ್ರದ ಮುಂದೆ ನಿಂತಿದ್ದಳು. ದೂರದಲ್ಲಿ ರೈಲಿನ ದೀಪ. ಅಣ್ಣ ಕಂಟ್ರೋಲರಿನ ಕಡ್ಡಿಯನ್ನು ಗರಗರ ತಿರುಗಿಸಿದರು. ಸರಪಳಿ ಜಾರಿ ಚಕ್ರ ಹಿಂದಕ್ಕೆ ತಿರುಗಿತು. ಇನ್ನೂ ಜೋರಾಗಿ ತಿರುಗಿಸಿದರು, ಮತ್ತೆ ಜಾರಿತು. ಗೇಟು ಅರ್ಧಕ್ಕೆ ನಿಂತಿತು. ರೈಲು ಬಂದು ಗೇಟಿಗಿಂತ ಹಿಂದೆಯೇ ನಿಂತು ಕೂಗತೊಡಗಿತು. ಅಣ್ಣನ ಹಣೆಯಲ್ಲಿ ಬೆವರು. ರೈಲು ಕೂಗುತ್ತಲೇ ಇತ್ತು.

"ಮುದ್ದೆ ತಿರುವ್ದಂಗೆ ಅಂತ ನೀವೇ ಹೇಳಿದ್ರಲ್ಲ ಅಣ್ಣ" ಅಂದೆ.

"ಕುಂಕುಮ ಒಳಗೋಗಿದೆ ಕಣಮ್ಮ. ಕಡ್ಡಿ ಕಚ್ಕೊತಿದೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟಿಲ್ಲರ್ ತಮ್ಮ ಜೋರಾಗಿ ನಕ್ಕ. "ಅಣ್ಣೋ, ಗೇಟ್ ಹಾಕು, ರೈಲ್ ಕಾಯ್ತೈತೆ!" ಅಂದ. ಹಾಲ್‌ನಲ್ಲಿದ್ದವರೆಲ್ಲ ನಕ್ಕರು.

"ಕೊಡಿ, ಕುಂಕುಮ ಒರೆಸ್ತೀನಿ" ಎಂದು ಕಂಟ್ರೋಲರ್ ಇಸಿದುಕೊಂಡೆ. ಒರೆಸಲಿಲ್ಲ. ಕುಂಕುಮ ಹಾಗೆಯೇ ಇದ್ದದ್ದು ಎಲ್ಲರಿಗೂ ಕಾಣುವ ಹಾಗೆ ಹಿಡಿದು ಕೂತೆ. ಮೊದಲು ನಿಧಾನ, ಆಮೇಲೆ ಬಲ. ಗೇಟು ಇಳಿಯಿತು, ದೀಪ ತೋರಿಸಿದೆ, ರೈಲು ಸರಿಯಿತು. ಮುದುಕಿ ಕಿಟಕಿ ಕಿಟಕಿ ನೋಡಿದಳು. ಮುಂದಿನ ರೈಲು, ಅದರ ಮುಂದಿನದು. ಆಡುತ್ತ ಆಡುತ್ತ ಮಾತಾಡಿದೆ. ವಾಯ್ಸ್ ಮೆಸೇಜಿನಲ್ಲಿ ಹೇಳಿದ್ದನ್ನೇ, ಅದೇ ಮಾತಿನಲ್ಲಿ, ಅದೇ ಜಾಗದಲ್ಲಿ ನಿಲ್ಲಿಸಿ ಹೇಳಿದೆ.

ಅತ್ತಿಗೆ ತಮ್ಮ ಗಂಡನ ಕಡೆ ತಿರುಗಿದರು. "ರೀ, ಇದು ನೀವ್ ವಿಡಿಯೋದಲ್ಲಿ ಹೇಳಿದ್ದೇ ಅಲ್ವಾ?"

"ಹೌದು ಅತ್ತಿಗೆ" ಅಂದೆ ನಾನು. "ಎಲ್ಲಾ ನಾನ್ ಗ್ರೂಪ್‌ನಲ್ಲಿ ಹೇಳಿದ್ದು. ಆಡ್ದೋಳು ನಾನು, ಅಣ್ಣಂದು ಬಾಯಿ ಮಾತ್ರ. ಆಯುಧ ಯಾರ್ದೋ ಅವ್ರೇ ಮುಟ್ಬೇಕು ಅಂತಾರಲ್ಲ, ಅದ್ಕೇ ಮುನಿಸ್ಕೊಂಡಿದೆ."

ಅಣ್ಣ, "ಮನೆ ಮಗಳಲ್ವಾ, ಅವಳ್ದು ಬೇರೆ ನಂದು ಬೇರೆನಾ" ಎಂದು ಹಲ್ಲು ಬಿಟ್ಟರು. ಯಾರೂ ಅವರ ಜೊತೆ ನಗಲಿಲ್ಲ. ಅತ್ತಿಗೆ ಎದ್ದು ಒಳಗೆ ಹೋದರು. ನಾನು ಆಟವನ್ನು ಅಲ್ಲಿಗೇ ನಿಲ್ಲಿಸಿ ಟಿವಿ ಆರಿಸಿದೆ. ಅವತ್ತಿನ ತಿಂಡಿಗೆ ಕಡುಬು ಮಾಡಿದ್ದರು. ನಾನು ಎರಡೆರಡು ಸಲ ಹಾಕಿಸಿಕೊಂಡು ತಿಂದೆ.

ಅಣ್ಣನ ತಮ್ಮ ಬಾಯಿ ಮುಚ್ಚುವವನಲ್ಲ. ಟೀ ಅಂಗಡಿಯಲ್ಲಿ ಅಣ್ಣನನ್ನು ಕಂಡರೆ ಜನ "ಗೇಟ್ ಹಾಕಿದ್ಯೇನ್ಲಾ?" ಎಂದು ಈಗಲೂ ಕೇಳುತ್ತಾರಂತೆ. ಚಾನೆಲ್‌ಗೆ ಆಮೇಲೆ ಏನೂ ಬರಲಿಲ್ಲ. ಅದನ್ನು ಕೇಳಿದಾಗೆಲ್ಲ ನನಗೆ ಸಂತೋಷವಾಗುತ್ತದೆ. ಅಯ್ಯೋ ಪಾಪ ಅನ್ನಿಸಬೇಕಿತ್ತೇನೋ, ಅನ್ನಿಸಿಲ್ಲ.

ಸೇಡು ಅಲ್ಲಿಗೆ ಮುಗಿಯಬೇಕಿತ್ತು. ಅವತ್ತು ಮಧ್ಯಾಹ್ನ ತುಮಕೂರು ಬಸ್ ಹತ್ತಿದಾಗ ಮುಗಿಯಿತೆಂದೇ ಅಂದುಕೊಂಡಿದ್ದೆ. ಗಂಡ ಮುಖ ಊದಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಅತ್ತೆ ಕಿಟಕಿಯ ಪಕ್ಕ, ನಾನು ಅವರ ಪಕ್ಕ. ಅತ್ತೆ ಏನಾದರೂ ಹೇಳಲಿ ಎಂದು ಸ್ವಲ್ಪ ದೂರ ಕಾದೆ. ಹೇಳಲಿಲ್ಲ. ಕಡೆಗೆ ನಾನೇ ಬಾಯಿ ಬಿಟ್ಟೆ.

"ನೋಡಿದ್ರಲ್ಲ ಅತ್ತೆ. ಅದೆಲ್ಲ ನನ್ ಮಾತು."

"ಅದ್ರಲ್ಲಿ ನೋಡದೇನು" ಅಂದರು ಅತ್ತೆ. "ನಂಗ್ ಮೊದ್ಲೇ ಗೊತ್ತಿತ್ತು ಕಣಮ್ಮ."

ನನಗೆ ಅರ್ಥವಾಗಲಿಲ್ಲ. "ಏನ್ ಗೊತ್ತಿತ್ತು?"

"ನಿನ್ ಮಾತು ಅಂತ. ಮುದ್ದೆ ತಿರುವೋ ಮಾತು ಗಂಡಸ್ರ ಬಾಯಲ್ಲಿ ಬರುತ್ತಾ? ನೀನ್ ರೂಮಲ್ಲಿ ಫೋನ್‌ಗೆ ಮಾತಾಡದು ನಂಗ್ ಕೇಳ್ಸುತ್ತೆ. ಆ ಕಡೆ ಕೇಳುಸ್ಕೊತಿದ್ದೆ, ಈ ಕಡೆ ಅವ್ರು ಹಾಕೋರು."

"ಮತ್ತೆ ಯಾಕ್ ಸುಮ್ನಿದ್ರಿ? ಯಾಕ್ ಅವ್ರನ್ನ ಹೊಗಳುತಿದ್ರಿ?"

"ಅಳಿಯ ಅಲ್ವಾ. ಅವ್ರನ್ನ ಹೊಗಳುದ್ರೆ ಅಲ್ಲಿ ನನ್ ಮಗಳು ಚೆನ್ನಾಗಿರ್ತಾಳೆ. ನಿನ್ ಹೊಗಳುದ್ರೆ ಏನ್ ಬರುತ್ತೆ? ನೀನ್ ಹೆಂಗೂ ಮನೇಲೇ ಇರ್ತೀಯ."

ಇದನ್ನು ಅವರು ಕೋಪದಲ್ಲಿ ಹೇಳಲಿಲ್ಲ. ಸಾರಿಗೆ ಉಪ್ಪು ಕಡಿಮೆ ಅನ್ನುವ ದನಿಯಲ್ಲೇ ಹೇಳಿದರು. ಅಣ್ಣ ಕದ್ದದ್ದು ಒಂದು ಪಾಲಾದರೆ, ಕದ್ದದ್ದು ಎಂದು ಗೊತ್ತಿದ್ದೂ ನನ್ನೆದುರಿಗೇ ಕೂತು, ನೀನೂ ಆಡ್ತೀಯ ಏನ್ ಉಪಯೋಗ ಎಂದು ಕೇಳಿದ್ದು ಹತ್ತು ಪಾಲು. ಬೆಳಗ್ಗೆಯಿಂದ ಇದ್ದ ಖುಷಿಯೆಲ್ಲ ಕಹಿಯಾಯಿತು. ಕಣ್ಣಲ್ಲಿ ನೀರು ಬಂತು, ಆದರೆ ಅವರ ಮುಂದೆ ಅಳುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡೆ.

ಬಸ್ಸು ಹೆಬ್ಬೂರಿನಲ್ಲಿ ನಿಂತಿತು. ಜನ ಇಳಿದರು, ಹತ್ತಿದರು. ಅತ್ತೆ ಕಿಟಕಿಯಿಂದ ತಲೆ ಆಚೆ ಹಾಕಿ ಸ್ಟಾಪಿನಲ್ಲಿ ನಿಂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಹೆಬ್ಬೂರಿಗೆ ಕೊಟ್ಟಿರುವುದು ಅವರ ತಂಗಿಯನ್ನು. ಅವರಪ್ಪನ ತಿಥಿಯ ದಿನ ಯಾವುದೋ ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟಿದ್ದಾರೆ. ನಾನು ಮದುವೆಯಾಗಿ ಬಂದ ಮೇಲೆ ಆ ತಂಗಿ ಒಂದು ಸಲವೂ ನಮ್ಮ ಮನೆಯ ಹೊಸಿಲು ತುಳಿದಿಲ್ಲ. ಬಸ್ಸು ಹೊರಟಿತು. ಅತ್ತೆ ತಲೆ ಒಳಗೆ ಎಳೆದುಕೊಂಡು ಸೆರಗು ಸರಿ ಮಾಡಿಕೊಂಡರು.

"ಆ ಗೇಟಿನವ್ಳ ತಂಗಿ," ಅಂದರು, ನನ್ನ ಕಡೆ ನೋಡದೆ. "ಕೊನೆಗ್ ಬಂದ್ಲಾ?"

ಬರುತ್ತಾಳೆ. ಕೊನೆಯ ರೈಲಿನಲ್ಲಿ, ಕೈಯಲ್ಲೊಂದು ಗಂಟು ಹಿಡಿದುಕೊಂಡು ಬರುತ್ತಾಳೆ. ಗೇಟಿನವಳು ಅವಳನ್ನು ನೋಡುತ್ತ ಗೇಟು ತೆಗೆಯುವುದನ್ನೇ ಮರೆತುಬಿಡುತ್ತಾಳೆ. ಎರಡೂ ಕಡೆ ಜನ ಕೂಗುತ್ತಿರುತ್ತಾರೆ, ಅಕ್ಕ ತಂಗಿ ಹಳಿಯ ಪಕ್ಕ ಕೂತು ಗಂಟು ಬಿಚ್ಚುತ್ತಾರೆ. ಅದನ್ನು ಆಡಿದ ಭಾನುವಾರ ನಾನು ಅತ್ತಿದ್ದೆ.

"ಗೊತ್ತಿಲ್ಲ ಅತ್ತೆ" ಅಂದೆ. "ನಾನಿನ್ನೂ ಅಲ್ಲೀತನಕ ಆಡಿಲ್ಲ."

ಅತ್ತೆ ತಲೆಯಾಡಿಸಿದರು. ಈಗಲೂ ಭಾನುವಾರ ಮಧ್ಯಾಹ್ನ ನಾನು ಕಂಪ್ಯೂಟರ್ ಮುಂದೆ ಕೂತರೆ ಅತ್ತೆ ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ. ಅದೇನಾ ಆಡ್ತಿರೋದು ಎಂದು ಕೇಳುತ್ತಾರೆ. ಅಲ್ಲ ಅತ್ತೆ, ಇದು ಬೇರೆ ಅನ್ನುತ್ತೇನೆ. ಸ್ವಲ್ಪ ಹೊತ್ತು ನಿಂತಿದ್ದು ಹೋಗುತ್ತಾರೆ.